ಕಟ್ಟಿಸಿದ ಲಾರಿ ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ: ಪರೀಕ್ಷೆ, ಸಿಲಿಂಡರ್ ಹೆಡ್ ಆಯ್ಕೆ, ರಿಪೇರಿ

ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿ ಕಟ್ಟಿದ ಮೇಲೂ ಸಾವಿರ ಕಿಲೋಮೀಟರಿಗೆ ಮೂರು ನಾಲ್ಕು ಲೀಟರ್ ಆಯಿಲ್ ಕಡಿಮೆಯಾಗುತ್ತಿದ್ದರೆ, ಮಾಲೀಕರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ‘ಹೆಡ್ ಹೋಗಿದೆ, ಬೇರೆ ಹಾಕಿಸಿ’ ಎಂಬುದೇ ಆಗಿರುತ್ತದೆ. ಆ ಮಾತು ಕೆಲವೊಮ್ಮೆ ನಿಜವೂ ಹೌದು. ಆದರೆ ಆಯಿಲ್ ಯಾವ ದಾರಿಯಿಂದ ಹೋಗುತ್ತಿದೆ ಎಂದು ನೋಡದೆ ಹೆಡ್ ಕೊಂಡು, ಗ್ಯಾಸ್ಕೆಟ್‌ಗೆ, ಲೇತ್ ಕೆಲಸಕ್ಕೆ, ಕೂಲಿಗೆ ಹಣ ಸುರಿದು, ತಿಂಗಳ ಕಂತು ಕಟ್ಟಬೇಕಾದ ಗಾಡಿಯನ್ನು ಹತ್ತು ದಿನ ನಿಲ್ಲಿಸಿ, ಕೊನೆಗೆ ಅದೇ ಹೊಗೆ ಕಂಡು ಕೂತ ಮಾಲೀಕರನ್ನು ನಾನು ಸಾಕಷ್ಟು ನೋಡಿದ್ದೇನೆ. ಆಯಿಲ್ ಹೋಗುವ ದಾರಿ ಖಚಿತವಾದ ಮೇಲೆಯೇ ಹೆಡ್ಡಿನ ಮಾತು ಬರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಮಾರ್ಗದರ್ಶಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಉದಾಹರಣೆಗೆ ಒಂದೇ ಎಂಜಿನ್ ಇಟ್ಟುಕೊಳ್ಳುತ್ತೇನೆ: ಟಾಟಾ 1613, 2515ರಂಥ ಲಾರಿ ಮತ್ತು ಟಿಪ್ಪರ್‌ಗಳಲ್ಲಿ ಬಂದ, ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯ 6ಬಿಟಿ 5.9. ಆರು ಸಿಲಿಂಡರ್, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, ಸಿಲಿಂಡರಿಗೆ ಎರಡರಂತೆ 12 ವಾಲ್ವ್, ಟರ್ಬೊ, ಮೆಕ್ಯಾನಿಕಲ್ ಪಂಪ್. ಆರೂ ಸಿಲಿಂಡರಿಗೆ ಸೇರಿ ಎರಕದ ಕಬ್ಬಿಣದ ಒಂದೇ ಹೆಡ್. ಬ್ಲಾಕಿಗೆ ಕಂಪನಿಯಿಂದ ಲೈನರ್ ಬರುವುದಿಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನ ಬೋರಿನಲ್ಲೇ ಓಡುತ್ತದೆ. ಹಾಗೆಯೇ ವಾಲ್ವಿನ ಕಾಂಡ ಜಾರುವ ವಾಲ್ವ್ ಗೈಡ್ ಕೂಡ ಬೇರೆ ತುಂಡಲ್ಲ, ಹೆಡ್ಡಿನ ಕಬ್ಬಿಣದಲ್ಲೇ ಕೊರೆದ ರಂಧ್ರ. ಈ ಕೊನೆಯ ಎರಡು ಸಂಗತಿಗಳು ಮುಂದೆ ಮತ್ತೆ ಮತ್ತೆ ಬರುತ್ತವೆ. ಬೇರೆ ಎಂಜಿನ್ ಇರುವವರು ಪರೀಕ್ಷೆಯ ಕ್ರಮವನ್ನು ಇದೇ ರೀತಿ ಅನುಸರಿಸಬಹುದು, ಅಳತೆಗಳನ್ನು ಮಾತ್ರ ತಮ್ಮ ಎಂಜಿನ್ನಿನ ಮ್ಯಾನ್ಯುಯಲ್‌ನಿಂದ ತೆಗೆದುಕೊಳ್ಳಬೇಕು.

ಆಯಿಲ್ ನಿಜವಾಗಿ ಎಷ್ಟು ಹೋಗುತ್ತಿದೆ?

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕನಿಷ್ಠ ಹದಿನೈದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ತುಂಬಿ, ಕಿಲೋಮೀಟರ್ ಬರೆದಿಡಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಗೆರೆಗೆ ಬರುವಷ್ಟು ಆಯಿಲ್ಲನ್ನು ಅಳತೆಯ ಜಗ್ಗಿನಲ್ಲಿ ಹಾಕಿ. ಆ ಜಗ್ಗು ತೋರಿಸುವುದೇ ನಿಮ್ಮ ಲೆಕ್ಕ. ಈ ಗಾತ್ರದ ಎಂಜಿನ್ ಲೋಡಿನಲ್ಲಿ ಓಡುವಾಗ ಸಾವಿರ ಕಿಲೋಮೀಟರಿಗೆ ಒಂದು ಲೀಟರಿನ ಒಳಗಿದ್ದರೆ ನಾನು ಎಂಜಿನ್ ಬಿಚ್ಚುವುದಿಲ್ಲ. ಎರಡು ಲೀಟರ್ ದಾಟಿದರೆ ಹುಡುಕಲೇಬೇಕು.

ಗೆರೆಗಿಂತ ಮೇಲೆ ತುಂಬುವ ಅಭ್ಯಾಸ ನಮ್ಮಲ್ಲಿ ಬಹಳ. ‘ಹೇಗೂ ಕುಡಿಯುತ್ತದೆ’ ಎಂದು ಚಾಲಕರು ಒಂದು ಲೀಟರ್ ಹೆಚ್ಚಿಗೆ ಸುರಿಯುತ್ತಾರೆ. ಆ ಹೆಚ್ಚಿನ ಆಯಿಲ್ ಕ್ರ್ಯಾಂಕಿಗೆ ಬಡಿದು, ಮಂಜಾಗಿ, ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪಿನಿಂದ ಹೊರಗೆ ಹೋಗುತ್ತದೆ, ಮತ್ತೆ ಆಯಿಲ್ ಕಡಿಮೆಯಾಗಿದೆ ಎಂಬ ದೂರು ಬರುತ್ತದೆ. ಇದರ ವಿರುದ್ಧದ ಮೋಸವೂ ಇದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಈ ಎಂಜಿನ್ನಿನ ಫೀಡ್ ಪಂಪ್ ಬ್ಲಾಕಿಗೆ ಕೂತು ಕ್ಯಾಮ್‌ನಿಂದ ನಡೆಯುವುದರಿಂದ, ಅದರ ಒಳಗಿನ ಸೀಲ್ ಹೋದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಡೀಸೆಲ್ ಇಳಿಯುತ್ತದೆ. ಆಗ ಆಯಿಲ್ ಸುಟ್ಟುಹೋಗುತ್ತಿದ್ದರೂ ಮಟ್ಟ ಇಳಿಯುವುದಿಲ್ಲ. ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಬಂದು, ಬೆರಳಿನ ನಡುವೆ ಆಯಿಲ್ ನೀರಾದಂತೆ ಅನ್ನಿಸಿದರೆ ಮೊದಲು ಅದನ್ನು ಸರಿಪಡಿಸಿ. ಡೀಸೆಲ್ ಬೆರೆತ ಆಯಿಲ್ಲಿನಲ್ಲಿ ಹೊಸ ಬೇರಿಂಗ್ ಹೆಚ್ಚು ದಿನ ಉಳಿಯುವುದಿಲ್ಲ.

ಹೆಡ್ಡಿಗೆ ಕೈ ಹಾಕುವ ಮೊದಲು

ಹೊರಗಿನ ಸೋರಿಕೆಯನ್ನು ಎಂಜಿನ್ ತೊಳೆಸಿ ಒಂದು ಟ್ರಿಪ್ ಓಡಿಸಿದರೆ ತಿಳಿಯುತ್ತದೆ. ಟ್ಯಾಪೆಟ್ ಕವರ್, ಸೈಡ್ ಕವರ್, ಹಿಂದಿನ ಕ್ರ್ಯಾಂಕ್ ಸೀಲ್, ಮುಂದಿನ ಗೇರ್ ಕೇಸ್ ನೋಡಿದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಏರ್ ಕಂಪ್ರೆಸರ್.

ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ನಿನ ಗೇರಿನಿಂದ ತಿರುಗುತ್ತದೆ ಮತ್ತು ಎಂಜಿನ್ನಿನ ಆಯಿಲ್ಲನ್ನೇ ಬಳಸುತ್ತದೆ. ಅದರ ರಿಂಗ್ ಸವೆದರೆ ಆಯಿಲ್ ಗಾಳಿಯ ಜೊತೆ ಟ್ಯಾಂಕಿಗೆ ಹೋಗುತ್ತದೆ. ಸೈಲೆನ್ಸರ್‌ನಲ್ಲಿ ಹೊಗೆ ಕಾಣುವುದಿಲ್ಲ, ನೆಲದ ಮೇಲೆ ಹನಿ ಬೀಳುವುದಿಲ್ಲ. ಹಿರಿಯೂರಿನ ಕಡೆಯಿಂದ ಬಂದ ಒಂದು 2515 ಟಿಪ್ಪರ್ ಸಾವಿರಕ್ಕೆ ನಾಲ್ಕು ಲೀಟರ್ ಕುಡಿಯುತ್ತಿತ್ತು. ಮಾಲೀಕರು ಅದಾಗಲೇ ಎಂಜಿನ್ ಬೋರ್ ಮಾಡಿಸಿ, ಗುಜರಿಯಿಂದ ಬೇರೆ ಹೆಡ್ ತಂದು ಹಾಕಿಸಿದ್ದರು. ನಾನು ಚಾಸಿಯ ಕೆಳಗೆ ಮಲಗಿ ಏರ್ ಟ್ಯಾಂಕಿನ ಡ್ರೈನ್ ಕಾಕ್ ಎಳೆದಾಗ ಮೊದಲು ಬುಸ್ಸೆಂದು ಗಾಳಿ, ಆಮೇಲೆ ಹಾಲು ಬೆರೆತ ಕಾಫಿಯ ಬಣ್ಣದ ನೊರೆ, ಅದರ ಹಿಂದೆಯೇ ದಪ್ಪನೆಯ ಕಪ್ಪು ಆಯಿಲ್ ಬಂದು ಕೆಳಗಿಟ್ಟಿದ್ದ ಡಬ್ಬಿ ಅರ್ಧ ತುಂಬಿತು. ‘ಸಾರ್, ಬೆಳಿಗ್ಗೆಯಷ್ಟೇ ಡ್ರೈನ್ ಮಾಡಿದ್ದೆ’ ಎಂದು ಚಾಲಕ ಹೇಳಿದ ಮೇಲೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಂಪ್ರೆಸರ್ ಕಟ್ಟಿಸಿದ ಮೇಲೆ ಲೆಕ್ಕ ಒಂದೂವರೆ ಲೀಟರಿಗೆ ಇಳಿಯಿತು. ಉಳಿದದ್ದಕ್ಕೆ ಕಾರಣ ಆ ಗುಜರಿ ಹೆಡ್ಡೇ ಆಗಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಈ ಪರೀಕ್ಷೆಗೆ ಖರ್ಚಿಲ್ಲ. ಸಂಜೆ ಟ್ಯಾಂಕುಗಳನ್ನು ಪೂರ್ತಿ ಖಾಲಿ ಮಾಡಿ, ಮರುದಿನ ಓಡಿಸಿ, ಸಂಜೆ ಮತ್ತೆ ಡಬ್ಬಿ ಹಿಡಿಯಿರಿ. ಸ್ವಲ್ಪ ತೇವ, ತೆಳುವಾದ ಜಿಡ್ಡು ಸಹಜ. ಸುರಿಯುವಷ್ಟು ಆಯಿಲ್ ಸಹಜವಲ್ಲ. ಕಂಪ್ರೆಸರ್ ಬಿಚ್ಚಿಸುವ ಮೊದಲು ಅದು ಗಾಳಿ ಎಳೆದುಕೊಳ್ಳುವ ಪೈಪ್ ಒಳಗೆ ಕಟ್ಟಿಕೊಂಡಿದೆಯೇ ನೋಡಿ, ಏಕೆಂದರೆ ಗಾಳಿ ಸಿಗದ ಕಂಪ್ರೆಸರ್ ಆಯಿಲ್ಲನ್ನೇ ಮೇಲಕ್ಕೆ ಎಳೆಯುತ್ತದೆ.

ಎರಡನೆಯದು ಟರ್ಬೊ ಮತ್ತು ಅದರ ಮುಂದಿನ ಏರ್ ಫಿಲ್ಟರ್. ಕ್ರಷರ್, ಗಣಿ, ಮಣ್ಣಿನ ಕೆಲಸದ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಟರ್ಬೊ ಎಳೆಯುವ ಕಡೆ ಒತ್ತಡ ಕುಸಿದು, ಚೆನ್ನಾಗಿರುವ ಸೀಲ್ ದಾಟಿಯೂ ಆಯಿಲ್ ಒಳಗೆ ಬರುತ್ತದೆ. ಟರ್ಬೊದಿಂದ ಚೇಂಬರಿಗೆ ಆಯಿಲ್ ಮರಳುವ ಕೊಳವೆ ಸ್ವಲ್ಪ ಕಟ್ಟಿಕೊಂಡರೂ ಇದೇ ಪರಿಣಾಮ. ಕಟ್ಟಿಸಿದ ಎಂಜಿನ್ನಿನಲ್ಲಿ ಆ ಕೊಳವೆಯ ಫ್ಲ್ಯಾಂಜಿಗೆ ಅತಿಯಾಗಿ ಮೆತ್ತಿದ ಸೀಲಂಟ್ ಒಳಗೆ ಉಕ್ಕಿ ದಾರಿ ಮುಚ್ಚಿರುವುದನ್ನು ನಾನೇ ಬೆರಳು ಹಾಕಿ ತೆಗೆದಿದ್ದೇನೆ. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ ಎಂಬುದನ್ನೂ ಬಾಗಿಸಿ ನೋಡಬೇಕು: ಆ ಬಿರುಕಿನಿಂದ ಒಳಗೆ ಹೋಗುವ ಧೂಳು ಹೊಸ ರಿಂಗ್ ಮತ್ತು ಬೋರನ್ನು ಕೆಲವೇ ತಿಂಗಳಲ್ಲಿ ಅರೆದುಹಾಕುತ್ತದೆ.

ಮೂರನೆಯದು ಬ್ರೀದರ್. ಎಂಜಿನ್ ಬಿಸಿಯಾಗಿ ನಡೆಯುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿ. ಮೆಲುವಾದ ಹಬೆ ಸರಿ. ಪುಸ್ ಪುಸ್ ಎಂದು ತಾಳಬದ್ಧವಾಗಿ ಹೊಗೆ ಉಗುಳುತ್ತಿದ್ದರೆ ನಮ್ಮ ಗ್ಯಾರೇಜುಗಳಲ್ಲಿ ಹೇಳುವ ‘ಬ್ಯಾಕ್ ಕಂಪ್ರೆಷನ್’ ಇದೆ, ಅಂದರೆ ಉರಿದ ಅನಿಲ ರಿಂಗ್ ದಾಟಿ ಕೆಳಗೆ ಬರುತ್ತಿದೆ ಎಂದರ್ಥ. ಬ್ರೀದರ್ ಪೈಪೇ ಮಣ್ಣು ಸೇರಿ ಮುಚ್ಚಿಕೊಂಡಿದ್ದರೆ ಒಳಗಿನ ಒತ್ತಡ ಎಲ್ಲ ಸೀಲುಗಳ ಮೂಲಕ ಆಯಿಲ್ಲನ್ನು ಹೊರಗೆ ತಳ್ಳುತ್ತದೆ, ಆದ್ದರಿಂದ ಪೈಪ್ ಸ್ವಚ್ಛ ಮಾಡಿಯೇ ತೀರ್ಮಾನಕ್ಕೆ ಬನ್ನಿ.

ಹೆಡ್ಡೋ, ಬೋರೋ?

ಮೇಲಿನ ಮೂರೂ ಸರಿಯಿದ್ದರೆ ಆಯಿಲ್ ಉರಿಯುತ್ತಿರುವುದು ಸಿಲಿಂಡರಿನೊಳಗೆ. ಅಲ್ಲಿಗೆ ಎರಡೇ ದಾರಿ: ಮೇಲಿನಿಂದ ವಾಲ್ವ್ ಗೈಡ್ ಮೂಲಕ, ಕೆಳಗಿನಿಂದ ರಿಂಗ್ ದಾಟಿ.

ಇಲ್ಲಿ ಪೆಟ್ರೋಲ್ ಗಾಡಿಯ ಪಾಠವನ್ನು ಡೀಸೆಲ್ಲಿಗೆ ತರಬಾರದು. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ಗೈಡ್ ಹೋಗಿದೆ ಎಂಬ ಮಾತು ಪೆಟ್ರೋಲ್ ಎಂಜಿನ್ನಿಗೆ ಹೊಂದುತ್ತದೆ, ಏಕೆಂದರೆ ಅಲ್ಲಿ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ಬಲವಾದ ನಿರ್ವಾತ ಉಂಟಾಗಿ ಗೈಡಿನಿಂದ ಆಯಿಲ್ಲನ್ನು ಎಳೆಯುತ್ತದೆ. ನಮ್ಮ 6ಬಿಟಿಯಲ್ಲಿ ಥ್ರಾಟಲ್ ತಟ್ಟೆಯೇ ಇಲ್ಲ. ಲೋಡಿನಲ್ಲಿ ಟರ್ಬೊ ಗಾಳಿಯನ್ನು ಒಳಕ್ಕೆ ತಳ್ಳುವುದರಿಂದ ಇನ್‌ಲೆಟ್ ಗೈಡಿನಲ್ಲಿ ಒತ್ತಡ ಮೇಲ್ಮುಖವಾಗಿಯೇ ಇರುತ್ತದೆ. ಹೀಗಾಗಿ ಡೀಸೆಲ್ಲಿನಲ್ಲಿ ಗೈಡ್ ಸವೆತದ ಗುರುತು ಬೇರೆ: ತುಂಬ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಎಳೆದಾಗ, ಅಥವಾ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ನೀಲಿ ಹೊಗೆ. ಶಿರಾಡಿ ಘಾಟ್ ಏರುವಾಗ ಪೂರ್ತಿ ಲೋಡಿನಲ್ಲಿ ಬಿಡದೆ ನೀಲಿ ಹೊಗೆ ಬರುತ್ತಿದ್ದರೆ ನಾನು ರಿಂಗ್ ಕಡೆಗೇ ನೋಡುತ್ತೇನೆ.

ಹೊಗೆಗಿಂತ ನಂಬಿಕೆಗೆ ಅರ್ಹವಾದದ್ದು ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಆರು ಪೋರ್ಟುಗಳನ್ನು ಟಾರ್ಚ್ ಹಿಡಿದು ನೋಡುವುದು. ಐದು ಪೋರ್ಟ್ ಒಣ ಮಸಿಯಿಂದಿದ್ದು ಒಂದು ಮಾತ್ರ ಹಸಿಯಾಗಿ ಹೊಳೆಯುತ್ತಿದ್ದರೆ ತೊಂದರೆ ಆ ಸಿಲಿಂಡರಿನಲ್ಲಿದೆ. ಆರೂ ಹಸಿಯಾಗಿದ್ದರೆ ಬೋರ್ ಕೆಲಸವೇ ಕೆಟ್ಟಿದೆ, ಇಲ್ಲವೇ ಇನ್‌ಲೆಟ್ ಕಡೆಯಿಂದ ಟರ್ಬೊ ಆಯಿಲ್ ಬರುತ್ತಿದೆ. ಆರೂ ಒಣಗಿದ್ದು ಟರ್ಬೊದ ಆಚೆ ಸೈಲೆನ್ಸರ್ ಪೈಪ್ ಮಾತ್ರ ಜಿಡ್ಡಾಗಿದ್ದರೆ ಹೆಡ್ಡನ್ನು ಮುಟ್ಟುವ ಅಗತ್ಯವೇ ಇಲ್ಲ.

ಆಮೇಲೆ ಸೋರಿಕೆಯ ಪರೀಕ್ಷೆ. ಇಂಜೆಕ್ಟರ್ ತೆಗೆದು, ಆ ರಂಧ್ರಕ್ಕೆ ಅಡಾಪ್ಟರ್ ಹಾಕಿ, ಪಿಸ್ಟನ್ ಕಂಪ್ರೆಷನ್ ತುದಿಯಲ್ಲಿರುವಾಗ ಗಾಳಿ ಬಿಡಬೇಕು. ಎಂಜಿನ್ ತಿರುಗದಂತೆ ಗೇರಿನಲ್ಲಿಟ್ಟು ಚಕ್ರಗಳಿಗೆ ಅಡ್ಡ ಕೊಡಿ. ಪುಲ್ಲಿಯ ಹತ್ತಿರ ಕೈ ಇಡಬೇಡಿ. ಕ್ರ್ಯಾಂಕನ್ನು 120 ಡಿಗ್ರಿಯಂತೆ ತಿರುಗಿಸುತ್ತ ಹೋದರೆ 1-5-3-6-2-4 ಕ್ರಮದಲ್ಲಿ ಆರೂ ಸಿಲಿಂಡರ್ ಸಿಗುತ್ತವೆ. ಆಯಿಲ್ ಮುಚ್ಚಳದಲ್ಲಿ ಗಾಳಿಯ ಸದ್ದು ಬಂದರೆ ರಿಂಗ್, ಸೈಲೆನ್ಸರ್ ಅಥವಾ ಇನ್‌ಲೆಟ್‌ನಲ್ಲಿ ಬಂದರೆ ವಾಲ್ವ್ ಸೀಟ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು. ಒಂದು ಎಚ್ಚರಿಕೆ: ಈ ಪರೀಕ್ಷೆ ಹೇಳುವುದು ಕಂಪ್ರೆಷನ್ ರಿಂಗಿನ ಸ್ಥಿತಿಯನ್ನು. ಆಯಿಲ್ ರಿಂಗ್ ಅಂಟಿಕೊಂಡಿದ್ದರೂ ಗಾಳಿ ಚೆನ್ನಾಗಿ ನಿಲ್ಲಬಹುದು. ಗೈಡ್ ಸವೆತವೂ ಇದರಲ್ಲಿ ಕಾಣುವುದಿಲ್ಲ.

ಹೆಡ್ ಇಳಿಸಿದ ಮೇಲೆ ಯಾವುದನ್ನೂ ಒರೆಸದೆ ನೋಡಿ. ಪಿಸ್ಟನ್ ತಲೆಯ ಅಂಚು ಸುತ್ತಲೂ ಮಸಿಯಿಲ್ಲದೆ ತೊಳೆದಂತೆ ಇದ್ದರೆ ಆಯಿಲ್ ರಿಂಗ್ ದಾಟಿ ಮೇಲೆ ಬಂದಿದೆ. ಅಂಚಿನವರೆಗೂ ಒಣ ಮಸಿ ಕೂತಿದ್ದು, ವಾಲ್ವಿನ ಬೆನ್ನಿನ ಮೇಲೆ, ಕಾಂಡದ ಬುಡದಲ್ಲಿ ಟಾರಿನಂಥ ಹಸಿ ಮಸಿ ಗಟ್ಟಿಯಾಗಿದ್ದರೆ ತಪ್ಪು ಗೈಡಿನದು. ಆ ಟಿಪ್ಪರಿನಲ್ಲಿ ನಾನು ಕಂಡದ್ದು ಈ ಎರಡನೆಯ ಚಿತ್ರ. ವಾಲ್ವನ್ನು ಗೈಡಿನಲ್ಲಿಟ್ಟು ಅಲ್ಲಾಡಿಸಿದರೆ ಕಣ್ಣಿಗೆ ಕಾಣುವಷ್ಟು ಓಲಾಡುತ್ತಿತ್ತು.

ಹೆಡ್ಡಿನ ಆಯ್ಕೆ

ಈಗ ಮಾಲೀಕರ ಮುಂದಿರುವುದು ಮೂರು ಆಯ್ಕೆ: ತಮ್ಮದೇ ಹೆಡ್ಡನ್ನು ರಿಪೇರಿ ಮಾಡಿಸುವುದು, ಗುಜರಿಯಿಂದ ಹಳೆಯ ಹೆಡ್ ತರುವುದು, ಹೊಸದು ಕೊಳ್ಳುವುದು. ಬಿರುಕಿಲ್ಲದ, ದಪ್ಪ ಉಳಿದಿರುವ ಸ್ವಂತ ಹೆಡ್ಡಿಗೆ ನನ್ನ ಮೊದಲ ಮತ. ಅದು ಯಾವ ಎಂಜಿನ್ನಿನದು, ಎಷ್ಟು ಬಿಸಿ ಕಂಡಿದೆ ಎಂಬುದು ನಮಗೆ ಗೊತ್ತಿರುತ್ತದೆ.

ಸ್ವಂತದ್ದಾಗಲಿ, ತಂದದ್ದಾಗಲಿ, ಲೇತ್‌ನವರ ಬಳಿ ಮೊದಲು ಮಾಡಿಸಬೇಕಾದದ್ದು ಪ್ರೆಷರ್ ಟೆಸ್ಟ್. ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಬಿಸಿ ನೀರಿನಲ್ಲಿ ಒತ್ತಡ ಕೊಟ್ಟು ಬಿರುಕು ನೋಡುತ್ತಾರೆ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ತೆರೆದುಕೊಳ್ಳುವುದರಿಂದ ಬಿಸಿ ನೀರೇ ಆಗಬೇಕು ಎಂದು ಒತ್ತಾಯಿಸಿ. ಎರಡು ವಾಲ್ವ್ ಸೀಟುಗಳ ನಡುವಿನ ಜಾಗವನ್ನು, ಸೀಟಿನಿಂದ ಇಂಜೆಕ್ಟರ್ ರಂಧ್ರದ ಕಡೆಗಿನ ಜಾಗವನ್ನು ಬಣ್ಣ ಹಾಕಿ ಪರೀಕ್ಷಿಸಿ. ಸೀಟಿನೊಳಗೆ ಇಳಿದ ಬಿರುಕಿರುವ ಹೆಡ್ಡನ್ನು ನಾನು ತೆಗೆದುಕೊಳ್ಳುವುದಿಲ್ಲ. ವೆಲ್ಡ್ ಮಾಡಿಸಿದ ಎರಕದ ಹೆಡ್ಡನ್ನು ಘಾಟ್ ಓಡುವ ಗಾಡಿಗೆ ಹಾಕುವ ಧೈರ್ಯವೂ ನನಗಿಲ್ಲ.

ಎರಡನೆಯದು ದಪ್ಪ. ಮೂಲ ದಪ್ಪ 95 ಮಿ.ಮೀ.; ಒಟ್ಟು ಜೀವಿತದಲ್ಲಿ 1 ಮಿ.ಮೀ.ಗಿಂತ ಹೆಚ್ಚು ಕತ್ತರಿಸಬಾರದು. ಗುಜರಿ ಹೆಡ್ ಹಿಂದೆ ಎಷ್ಟು ಸಲ ಮುಖ ಕತ್ತರಿಸಿ ಸಮ ಮಾಡುವ ಫೇಸಿಂಗ್ ಆಗಿದೆ ಎಂದು ಮಾರುವವರ ಮಾತಿನಲ್ಲಿ ತಿಳಿಯುವುದಿಲ್ಲ, ಮೈಕ್ರೋಮೀಟರಿನಲ್ಲಿ ತಿಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗೆ ಹೋಗುವಾಗ ಅಳತೆಯ ಉಪಕರಣ ಜೊತೆಗಿರಲಿ.

ಮೂರನೆಯದು ಹೊಂದಾಣಿಕೆ. ಇಂಜೆಕ್ಟರ್ ಮೂತಿ ಕೂರುವ ರಂಧ್ರದಲ್ಲಿ 9 ಮಿ.ಮೀ. ಮತ್ತು 7 ಮಿ.ಮೀ. ಎಂಬ ಎರಡು ಬಗೆ ಇವೆ. ನಿಮ್ಮ ಇಂಜೆಕ್ಟರ್ ಯಾವುದೋ ಹೆಡ್ ಅದೇ ಆಗಬೇಕು. ಕಾಮನ್ ರೈಲ್ ಎಂಜಿನ್ನಿನ 24 ವಾಲ್ವ್ ಹೆಡ್ ಕುಟುಂಬದಲ್ಲಿ ಹತ್ತಿರದ್ದಾದರೂ ಈ ಎಂಜಿನ್ನಿಗೆ ಸಲ್ಲುವುದಿಲ್ಲ. ಹೆಡ್ಡಿನ ಮೇಲಿನ ಪಾರ್ಟ್ ನಂಬರನ್ನು ನಿಮ್ಮ ಎಂಜಿನ್ ಪ್ಲೇಟಿನ ನಂಬರಿನೊಂದಿಗೆ ಡೀಲರ್ ಬಳಿ ತಾಳೆ ನೋಡಿಸಿದ ಮೇಲೆಯೇ ಹಣ ಕೊಡಿ.

ಗೈಡ್ ವಿಷಯಕ್ಕೆ ಬಂದರೆ, ಸುಮಾರು 8 ಮಿ.ಮೀ. ದಪ್ಪದ ವಾಲ್ವ್ ಕಾಂಡ ಹೆಡ್ಡಿನ ಕಬ್ಬಿಣದಲ್ಲೇ ಓಡುವುದರಿಂದ, ಸವೆದ ರಂಧ್ರವನ್ನು ದೊಡ್ಡದು ಮಾಡಿ ಬುಷ್ ಕೂರಿಸಿ ರೀಮ್ ಮಾಡಿಸಬೇಕು. ಸವೆದ ಗೈಡಿಗೆ ಹೊಸ ಸೀಲ್ ಮಾತ್ರ ಹಾಕುವುದು ನಮ್ಮಲ್ಲಿ ಆಗುವ ಅತಿ ದೊಡ್ಡ ತಪ್ಪು. ಕಾಂಡ ಓಲಾಡಿದರೆ ಸೀಲಿನ ತುಟಿ ಕೆಲವೇ ವಾರಗಳಲ್ಲಿ ಹರಿಯುತ್ತದೆ. ಗೈಡ್ ಆದ ಮೇಲೆಯೇ ಸೀಟ್ ಕತ್ತರಿಸಬೇಕು, ಏಕೆಂದರೆ ಸೀಟ್ ಕತ್ತರಿಸುವ ಉಪಕರಣ ಗೈಡನ್ನೇ ಆಧಾರವಾಗಿ ಹಿಡಿಯುತ್ತದೆ. ಈ ಎಂಜಿನ್ನಿನಲ್ಲಿ ಇನ್‌ಲೆಟ್ ಸೀಟ್ 30 ಡಿಗ್ರಿ, ಎಗ್ಸಾಸ್ಟ್ 45 ಡಿಗ್ರಿ. ಎರಡಕ್ಕೂ 45 ಹಾಕಿ ಕಳಿಸಿದ ಕೆಲಸವನ್ನು ನಾನು ಹಿಂದಕ್ಕೆ ಕಳಿಸಿದ್ದೇನೆ. ಎಲ್ಲ ಮುಗಿದ ಮೇಲೆ ವಾಲ್ವ್ ಮುಖ ಹೆಡ್ಡಿನ ಮಟ್ಟಕ್ಕಿಂತ 0.99ರಿಂದ 1.52 ಮಿ.ಮೀ. ಒಳಗೆ ಕೂತಿರಬೇಕು. ಕಡಿಮೆಯಾದರೆ ಪಿಸ್ಟನ್ನಿಗೆ ಬಡಿಯುವ ಅಪಾಯ, ಹೆಚ್ಚಾದರೆ ಕಂಪ್ರೆಷನ್ ಕುಗ್ಗಿ ಬೆಳಗಿನ ಸ್ಟಾರ್ಟ್ ಕಷ್ಟ.

ಹೊಸ ಹೆಡ್ ಕೊಳ್ಳುವುದು ಬಿರುಕು ಬಿಟ್ಟಾಗ ಮತ್ತು ದಪ್ಪ ಮುಗಿದಾಗ. ಹೊಸದೆಂದು ಅಳತೆ ಬಿಡಬೇಡಿ: ಗೈಡಿನ ಬಿಗಿತ, ವಾಲ್ವ್ ಆಳ, ರಂಧ್ರಗಳಲ್ಲಿ ಉಳಿದ ಎರಕದ ಮರಳು, ಮೂರನ್ನೂ ನೋಡಿ.

ತಪ್ಪು ಬೋರಿನಲ್ಲಿದ್ದರೆ

ಬೋರನ್ನು ಡಯಲ್ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಿರಿ. ಸ್ಟ್ಯಾಂಡರ್ಡ್ ಬೋರಿನ ಸವೆತದ ಮಿತಿ 102.116 ಮಿ.ಮೀ., ಅಂಡಾಕಾರಕ್ಕೆ 0.038, ಮೇಲಿನಿಂದ ಕೆಳಕ್ಕೆ ಅಗಲ ಬದಲಾಗುವ ಇಳಿಜಾರಿಗೆ 0.076. ಮಿತಿ ದಾಟಿದರೆ 0.5 ಅಥವಾ 1 ಮಿ.ಮೀ. ದೊಡ್ಡದಾಗಿ ಕೊರೆದು ಓವರ್‌ಸೈಜ್ ಪಿಸ್ಟನ್, ಅದೂ ಮುಗಿದಿದ್ದರೆ ಬೋರಿನೊಳಗೆ ಕೂರಿಸುವ ಕೊಳವೆ, ಅಂದರೆ ಸ್ಲೀವ್. ಅಳತೆ ಸರಿಯಿದ್ದೂ ಗೋಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಗ್ಲೇಜ್. ಹೊಸ ಎಂಜಿನ್ನನ್ನು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟದ್ದರ ಫಲ. ಮತ್ತೆ ಹೋನಿಂಗ್ ಮಾಡಿ 15ರಿಂದ 25 ಡಿಗ್ರಿಯ ಅಡ್ಡಗೆರೆ ಮೂಡಿಸಿ, ಹೊಸ ರಿಂಗ್ ಹಾಕಿದರೆ ಸರಿಹೋಗುತ್ತದೆ.

ಹೋನಿಂಗ್ ಆದ ಮೇಲಿನ ತೊಳೆಯುವಿಕೆಯೇ ಈ ಕೆಲಸದ ಜೀವಾಳ. ಡೀಸೆಲ್ಲಿನಿಂದ, ಸೀಮೆಎಣ್ಣೆಯಿಂದ ಒರೆಸಿದರೆ ಕಲ್ಲಿನ ಪುಡಿ ಗೆರೆಗಳ ಒಳಗೇ ಉಳಿಯುತ್ತದೆ. ಬಿಸಿ ಸಾಬೂನು ನೀರು, ಗಟ್ಟಿ ಬ್ರಷ್, ಚೆನ್ನಾದ ತಿಕ್ಕಾಟ ಬೇಕು. ಒಣಗಿಸಿ, ಬಿಳಿ ಬಟ್ಟೆಗೆ ತೆಳು ಆಯಿಲ್ ಹಚ್ಚಿ ಒರೆಸಿ. ಬಟ್ಟೆಯ ಮೇಲೆ ಬೂದು ಬಣ್ಣ ಕಂಡರೆ ಮತ್ತೆ ತೊಳೆಯಿರಿ. ನನ್ನ ಹುಡುಗರು ನಾಲ್ಕನೇ ಸಲ ತೊಳೆಯುವಾಗ ಮುಖ ಸಿಂಡರಿಸುತ್ತಾರೆ, ಆದರೂ ಬಟ್ಟೆ ಬೆಳ್ಳಗೆ ಬರುವವರೆಗೆ ನಾನು ಪಿಸ್ಟನ್ ಕೈಗೆ ಕೊಡುವುದಿಲ್ಲ.

ಪ್ರತಿ ರಿಂಗನ್ನೂ ಅದು ಓಡುವ ಬೋರಿನಲ್ಲೇ ಇಟ್ಟು ಗ್ಯಾಪ್ ಅಳೆಯಿರಿ: ಮೇಲಿನ ರಿಂಗಿಗೆ 0.40ರಿಂದ 0.70 ಮಿ.ಮೀ., ಎರಡನೆಯದಕ್ಕೂ ಆಯಿಲ್ ರಿಂಗಿಗೂ 0.25ರಿಂದ 0.55. ಗುರುತಿರುವ ಮುಖ ಮೇಲಕ್ಕೆ. ಎರಡನೆಯ ರಿಂಗ್ ತಲೆಕೆಳಗಾದರೆ ಆಯಿಲ್ಲನ್ನು ಕೆಳಕ್ಕೆ ಕೆರೆಯುವ ಬದಲು ಮೇಲಕ್ಕೆ ಸಾಗಿಸುತ್ತದೆ. ರಿಂಗುಗಳ ಗ್ಯಾಪ್ ಇರುವ ಬಾಯಿಗಳು ಒಂದರಿಂದೊಂದು 120 ಡಿಗ್ರಿ ದೂರವಿರಲಿ. ಆಯಿಲ್ ರಿಂಗಿನ ಸ್ಪ್ರಿಂಗಿನ ಎರಡು ತುದಿ ಕೂಡುವ ಜಾಗ ರಿಂಗಿನ ಬಾಯಿಗೆ ಎದುರು ದಿಕ್ಕಿನಲ್ಲಿರಬೇಕು.

ಕಟ್ಟುವುದು ಮತ್ತು ಮೊದಲ ಓಟ

ಹೆಡ್ಡಿನ 26 ಬೋಲ್ಟುಗಳನ್ನು ತೊಳೆದು, ಉದ್ದ ಅಳೆದು, ಎಳೆದುಕೊಂಡು ಮಿತಿ ಮೀರಿದ್ದನ್ನು ಬದಲಿಸಿ. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ನಡುವಿನಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದ ಹಂತಗಳಲ್ಲಿ ಟಾರ್ಕ್ ಮಾಡಿ, ಕೊನೆಯ ಹಂತವನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ. ಬ್ಲಾಕಿನ ಮುಖ ಕತ್ತರಿಸಿದ್ದರೆ ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಬೇಕು. ಟ್ಯಾಪೆಟ್ ಗ್ಯಾಪ್, ಎಂಜಿನ್ ತಣ್ಣಗಿರುವಾಗ, ಇನ್‌ಲೆಟ್ 0.25, ಎಗ್ಸಾಸ್ಟ್ 0.50 ಮಿ.ಮೀ.

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಷರ್ ಮೀಟರ್ ಏಳುವವರೆಗೆ ಸೆಲ್ಫ್ ಹೊಡೆಯಿರಿ, ಮಧ್ಯೆ ಮಧ್ಯೆ ಸೆಲ್ಫಿಗೆ ವಿಶ್ರಾಂತಿ ಕೊಡಿ. ಆಯಿಲ್ ಕಂಪನಿ ಹೇಳಿದ ದರ್ಜೆಯ 15ಡಬ್ಲ್ಯು-40 ಸಾಕು. ಆಯಿಲ್ ಕುಡಿಯುತ್ತದೆಂದು ದಪ್ಪ ಆಯಿಲ್ ಹಾಕಿದರೆ ರಿಂಗ್ ಕೂರುವುದು ತಡವಾಗುತ್ತದೆ, ಟರ್ಬೊಗೆ ಬೆಳಗಿನ ಹೊತ್ತು ಆಯಿಲ್ ತಲುಪುವುದೂ ತಡವಾಗುತ್ತದೆ.

ಸ್ಟಾರ್ಟ್ ಆದ ಮೇಲೆ ಸೋರಿಕೆ ನೋಡಿಕೊಂಡು, ನೀರು ಬೆಚ್ಚಗಾದ ಕೂಡಲೇ ಗಾಡಿಯನ್ನು ರಸ್ತೆಗೆ ತನ್ನಿ. ರಿಂಗನ್ನು ಬೋರಿಗೆ ಒತ್ತುವುದು ಉರಿಯುವ ಅನಿಲದ ಒತ್ತಡ. ಲೋಡಿಲ್ಲದೆ ಆ ಒತ್ತಡ ಹುಟ್ಟುವುದಿಲ್ಲ. ಮಧ್ಯಮ ಲೋಡಿನಲ್ಲಿ, ವೇಗ ಬದಲಿಸುತ್ತ, ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಎಳೆಯದೆ, ಐದು ನಿಮಿಷಕ್ಕಿಂತ ಹೆಚ್ಚು ಐಡ್ಲಿಂಗ್ ಬಿಡದೆ ಓಡಿಸಿ. ಎಂಜಿನ್ ಕಟ್ಟಿದ ದಿನ ‘ಸೆಟ್ ಆಗಲಿ’ ಎಂದು ಇಡೀ ರಾತ್ರಿ ನಡೆಯಲು ಬಿಡುವ ಹಳೆಯ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಮೇಲೆ ಹೇಳಿದ ಗ್ಲೇಜ್ ಅಲ್ಲಿಯೇ ಹುಟ್ಟುತ್ತದೆ.

ಮೊದಲ ಸಾವಿರ ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಟ್ಯಾಪೆಟ್ ಮತ್ತೊಮ್ಮೆ ನೋಡಿ. ಈ ಹಂತದ ಆಯಿಲ್ ಲೆಕ್ಕವನ್ನು ಹಿಡಿದು ತೀರ್ಪು ಕೊಡಬೇಡಿ, ರಿಂಗ್ ಇನ್ನೂ ಕೂರುತ್ತಿರುತ್ತದೆ. ಮೂರು, ನಾಲ್ಕು, ಐದನೆಯ ಸಾವಿರದಲ್ಲಿ ಅದೇ ಜಾಗ, ಅದೇ ಜಗ್ಗು ಬಳಸಿ ಬರೆದಿಟ್ಟ ಅಂಕಿ ಇಳಿಯುತ್ತ ಬಂದು ಒಂದೆಡೆ ನಿಂತರೆ ಕೆಲಸ ಸರಿಯಾಗಿದೆ. ಹಿರಿಯೂರಿನ ಟಿಪ್ಪರ್‌ಗೆ ಗೈಡ್ ಬುಷ್ ಹಾಕಿಸಿ, ಸೀಟ್ ಕತ್ತರಿಸಿ ಕಟ್ಟಿಕೊಟ್ಟ ಮೇಲೆ ಅದು ಅರ್ಧ ಲೀಟರಿನಲ್ಲಿ ನಿಂತಿತು. ಚಾಲಕ ಈಗಲೂ ಪ್ರತಿ ಸಂಜೆ ಏರ್ ಟ್ಯಾಂಕಿನ ಕೆಳಗೆ ಡಬ್ಬಿ ಹಿಡಿಯುತ್ತಾನೆ.